ಅತ್ತೆಯ ಕೆಂಪು ದಾರ

ಕರಿಮೂತಿಯ ಮುಸುವವೊಂದು ಕಿಟಕಿಯಿಂದ ಒಳಗೆ ಬಂದು, ಎದುರಿಗೇ ಕುಳಿತು, ತಟ್ಟೆಯಲ್ಲಿದ್ದ ರೊಟ್ಟಿಯನ್ನು ತಿಂದು ಮುಗಿಸಿದರೂ ನನ್ನ ಅತ್ತೆ ಸತ್ಯವೇದದಿಂದ ತಲೆ ಎತ್ತಲಿಲ್ಲ. ಎದುರುಮನೆಯ ಕೋಕಿಲಾಬೆನ್ ಹೊರಗೆ ನಿಂತು, "ಬಾ! ಓ ಬಾ! ವಾಂದ್ರೋ, ವಾಂದ್ರೋ!" ಎಂದು, ಅಮ್ಮಾ, ಮಂಗ ಬಂದಿದೆ ಅಂತ ತಮ್ಮ ಗುಜರಾತಿಯಲ್ಲಿ ಓಣಿಯೆಲ್ಲ ಕೇಳುವಂತೆ ಕೂಗುತ್ತಿದ್ದರು. ನಾನು ಲಟ್ಟಣಿಗೆ ಹಿಡಿದು ಒಲೆಯ ಬಳಿ ನಿಂತಿದ್ದೆ. ಅತ್ತೆಯ ಬೆರಳು ಸಾಲಿನ ಕೆಳಗೆ ಮೆಲ್ಲಗೆ ಸರಿಯುತ್ತಿತ್ತು. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಮುಸುವ ಇನ್ನೊಂದು ರೊಟ್ಟಿ ಎತ್ತಿಕೊಂಡು ಹೊರಟುಹೋಯಿತು. ಆಮೇಲೆ ಅತ್ತೆ ಬೈಬಲ್ ಮುಚ್ಚಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, "ಏನವಾ ಅದು ಗದ್ದಲ?" ಎಂದರು.

ಮೊಮ್ಮಕ್ಕಳೇ, ರಾತ್ರಿಪಾಳಿ ಮುಗಿಸಿ ಬಂದ ನಿಮ್ಮ ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವ್ವಾ, ಮಂಗ್ಯಾ ಬಂದು ಉಂಡು, ದಾರಿಗೆ ಬುತ್ತಿನೂ ಕಟ್ಟಿಕೊಂಡು ಹೋತಂತ!"

"ಹೋಗ್ಲಿ ಬಿಡಪಾ. ಅದಕ್ಕೂ ಹಸಿವಿತ್ತು, ನನಗೂ ಹಸಿವಿತ್ತು. ಅದು ತಿಂತು, ನಾ ಓದಿದೆ."

ಇವರು ನಿಮ್ಮ ಮುತ್ತಜ್ಜಿ ಎಸ್ತೇರವ್ವ. ನೀವು ಅವರನ್ನು ಫೋಟೋದಲ್ಲಿ ಮಾತ್ರ ನೋಡಿದ್ದೀರಿ. ಅದರಲ್ಲಿ ಅವರು ಸಿಟ್ಟಾದವರ ಹಾಗೆ ಕಾಣುತ್ತಾರೆ. ಕ್ಯಾಮೆರಾ ಎದುರು ಹೇಗೆ ನಿಲ್ಲಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಅಷ್ಟೇ. ಗದಗಿನ ಕಡೆಯ ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ಇದ್ದೊಬ್ಬ ಮಗನ ಹಿಂದೆ ಅಹಮದಾಬಾದಿಗೆ ಬಂದರು. ಮಗ ಜಯಶೀಲ, ಅಂದರೆ ನಿಮ್ಮ ಅಜ್ಜ, ಅಲ್ಲಿಯ ವಟ್ವಾದ ಒಂದು ಬಣ್ಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಅವರ ಉಗುರಿನ ಸಂದಿಯ ನೀಲಿ ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಒಂದು ಕಿಟಕಿ. ಆ ಕಿಟಕಿಯ ಬೆಳಕು ಬೆಳಿಗ್ಗೆ ಅತ್ತೆಯದು. ಆ ಹೊತ್ತಿನಲ್ಲಿ ಅವರನ್ನು ಯಾರೂ ಮಾತಾಡಿಸುವಂತಿರಲಿಲ್ಲ.

ನಾನು ಮದುವೆಯಾಗಿ ಬಂದಾಗ ಭಾನುವಾರದ ಆರಾಧನೆ ನನಗೆ ದೊಡ್ಡ ಸಂಕಟವಾಗಿತ್ತು. ಪಾದ್ರಿಗಳು ಗುಜರಾತಿಯಲ್ಲಿ ಬೋಧಿಸುತ್ತಿದ್ದರು. ಎಲ್ಲರೂ ಎದ್ದಾಗ ಏಳುತ್ತಿದ್ದೆ, ಕುಳಿತಾಗ ಕುಳಿತುಕೊಳ್ಳುತ್ತಿದ್ದೆ, ಒಂದು ಮಾತೂ ಒಳಗೆ ಇಳಿಯುತ್ತಿರಲಿಲ್ಲ. ನಮ್ಮ ಹಳ್ಳಿಯ ಮನೆಯಲ್ಲಿ ಅಪ್ಪ ಓದುತ್ತಿದ್ದರು, ನಾವು ಕೇಳುತ್ತಿದ್ದೆವು. ಅದೇ ರೂಢಿಯಿಂದ ಒಂದು ದಿನ ಧೈರ್ಯ ಮಾಡಿ, "ಅತ್ತೀ, ಸ್ವಲ್ಪ ಗಟ್ಟಿಯಾಗಿ ಓದ್ರಿ, ನಾನೂ ಕೇಳ್ತೀನಿ" ಎಂದೆ.

"ಯಾಕ? ನಿನಗ ಅಕ್ಷರ ಬರೂದಿಲ್ಲೇನು?"

"ಬರ್ತಾವ್ರಿ. ಆದ್ರ ಕೂಡಿಸಿ ಓದಾಕ ಭಾಳ ಹೊತ್ತು ಹಿಡಿತೈತಿ."

"ಹಿಡೀಲಿ. ದೇವರಿಗೇನು ಬಸ್ ತಪ್ಪತೈತೇನು?"

ನನಗೆ ನಾಚಿಕೆಯಾಯಿತು. ಅವರು ದನಿ ಇಳಿಸಿ ಹೇಳಿದರು: "ನೋಡವಾ, ಗುಡಿಯೊಳಗ ಪಾದ್ರಿಗಳು ಹೇಳೂದು ಮದುವಿ ಊಟ ಇದ್ಹಂಗ. ಉಂಡು ಬಾ, ಬ್ಯಾಡ ಅನ್ನೂದಿಲ್ಲ. ಆದ್ರ ದಿನಾ ಮನ್ಯಾಗ ಒಲಿ ಹಚ್ಚಬೇಕಲ್ಲ? ನನ್ನ ಪಾಲು ನಾ ಓದ್ತೀನಿ. ನಿನ್ನ ಪಾಲು ನೀನ ಓದಬೇಕು. ನಿನಗಂತ ಬರದದ್ದನ್ನ ನಾ ಹೆಂಗ ಓದ್ಲಿ?"

ಮನೆಯಲ್ಲಿ ಇದ್ದುದು ಒಂದೇ ಪುಸ್ತಕ. ಅವರು ಓದಿದ ಪುಟದ ಗುರುತಿಗೆ ಇಳಕಲ್ ಸೀರೆಯ ಸೆರಗಿನ ಕೆಂಪು ದಾರ ಇತ್ತು. ಅವತ್ತು ನನ್ನ ಮದುವೆ ಸೀರೆಯ ಕುಚ್ಚಿನಿಂದ ಒಂದು ಹಸಿರು ದಾರ ಎಳೆದು ಮೊದಲ ಪುಟದಲ್ಲಿ ಇಟ್ಟುಕೊಟ್ಟರು. ಅವರ ಓದು ಮುಗಿದ ಮೇಲೆ ನನ್ನ ಸರದಿ. ಕೆಂಪು ದಾರ ಬಹಳ ಮುಂದೆ, ಹಸಿರು ದಾರ ಬಹಳ ಹಿಂದೆ. ಒಬ್ಬಳೇ ಕುಳಿತು ಒಂದೊಂದೇ ಅಕ್ಷರ ಕೂಡಿಸುತ್ತ ಓದುವಾಗ, ಗುಜರಾತಿ ಬಾರದವಳು, ಓಣಿಯಲ್ಲಿ ಯಾರೊಂದಿಗೂ ಮಾತಾಡಲಾರದವಳು ನಾನು ಎಂಬುದು ಮರೆತುಹೋಗುತ್ತಿತ್ತು. ನನ್ನನ್ನೇ ಹೆಸರು ಹಿಡಿದು ಯಾರೋ ಮಾತಾಡಿಸಿದ ಹಾಗೆ ಆಗುತ್ತಿತ್ತು.

ಸತ್ಯವೇದದಲ್ಲಿ ಬರೀ ಹೆಸರುಗಳೇ ತುಂಬಿರುವ ಅಧ್ಯಾಯಗಳಿವೆ. ಇಂಥವನ ಮಗ ಇಂಥವನು, ಅವನ ಮಗ ಇಂಥವನು, ಹೀಗೆ ಪುಟಗಟ್ಟಲೆ. ಎಷ್ಟೋ ವರ್ಷಗಳ ಮೇಲೆ ಅಲ್ಲಿಗೆ ಬಂದಾಗ ನನ್ನ ನಾಲಿಗೆ ಸೋತು ಹಸಿರು ದಾರವನ್ನು ಮುಂದಕ್ಕೆ ಹಾರಿಸಿದೆ. ಮರುದಿನವೇ ಅತ್ತೆಯ ಕಣ್ಣಿಗೆ ಬಿತ್ತು.

"ಇಷ್ಟು ಮಂದಿನ್ನ ಎಲ್ಲಿ ಬಿಟ್ಟು ಬಂದಿ?"

"ಬರೀ ಹೆಸರು ಅದಾವ್ರಿ ಅತ್ತೀ. ಸತ್ತು ಹೋದವರವು."

"ಬರೀ ಹೆಸರು ಅಂತೀಯೇನು? ಒಂದೊಂದು ಹೆಸರೂ ಒಬ್ಬ ತಾಯಿ ಬಾಗಿಲಾಗ ನಿಂತು ಕೂಗಿದ್ದು. ಊಟಕ್ಕ ಬಾರೋ ಅಂತ ಕರದದ್ದು. ಈಗ ಅವನ್ನ ಕೂಗಾವರು ಯಾರದಾರ? ನೀನೂ ದಾಟಿ ಹೋದ್ರ ಹೆಂಗ?"

ದಾರವನ್ನು ಹಿಂದಕ್ಕೆ ತಂದಿಟ್ಟೆ. ಆದರೆ ಆ ಹೆಸರುಗಳನ್ನು ಶುರುಮಾಡುವ ಮೊದಲೇ ನಮ್ಮ ಮನೆಯ ಹೆಸರೊಂದು ಹೋಯಿತು.

ನಿಮ್ಮ ಅಜ್ಜ ಮಧ್ಯಾಹ್ನ ಎದೆ ನೋವೆಂದು ಪಾಳಿ ಬಿಟ್ಟು ಬಂದರು. ಸಂಜೆಗೆ ಇರಲಿಲ್ಲ. ನಮ್ಮ ಮಗಳು, ನಿಮ್ಮಮ್ಮ, ಆಗ ಶಾಲೆಗೆ ಹೋಗುತ್ತಿದ್ದಳು. ಅಜ್ಜನನ್ನು ಪೆಟ್ಟಿಗೆಯಲ್ಲಿ ಮಲಗಿಸಿದಾಗಲೂ ಉಗುರಲ್ಲಿ ನೀಲಿ ಇತ್ತು. ಅತ್ತೆ ಆ ಉಗುರುಗಳನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕು ಬಂತು. ಅತ್ತೆ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಮಂಗ ಬಂದರೂ ಓದು ನಿಲ್ಲಿಸದವರು ಪುಸ್ತಕವನ್ನು ಮುಟ್ಟಲಿಲ್ಲ. ಪಾದ್ರಿಗಳು ಬಂದು ಹತ್ತಿರ ಕುಳಿತು, "ಮಾಜೀ, ಪ್ರಭು ಕಾ ವಚನ್ ಪಢಿಯೇ, ಶಾಂತಿ ಮಿಲೇಗೀ" ಎಂದು, ದೇವರ ವಾಕ್ಯ ಓದಿದರೆ ಸಮಾಧಾನ ಸಿಗುತ್ತದೆಂದು ಹಿಂದಿಯಲ್ಲಿ ಹೇಳಿದರು. ಅತ್ತೆ ಗೋಡೆಗೇ ಉತ್ತರ ಕೊಟ್ಟರು:

"ಇಷ್ಟು ವರ್ಷ ದಿನಾ ದೇವರ ಕೂಡ ಕುಂತೀನಿ. ಒಂದು ಮಾತು ಮೊದಲ ಹೇಳಬಾರದಿತ್ತೇನು ನನಗ?"

ಏನು ಹೇಳಿದರೆಂದು ಪಾದ್ರಿಗಳು ನನ್ನನ್ನು ನೋಡಿದರು. ದಣಿದಿದ್ದಾರೆ ಎಂದಷ್ಟೇ ಹೇಳಿದೆ. ಆ ಮಾತನ್ನು ಬೇರೆ ಭಾಷೆಗೆ ತಿರುಗಿಸುವ ಶಕ್ತಿ ನನಗಿರಲಿಲ್ಲ.

ಗಂಡ ಹೋದ ದುಃಖದ ಜೊತೆಗೆ ಇನ್ನೊಂದು ಭಯ ನನ್ನನ್ನು ಹಿಡಿಯಿತು. ಅತ್ತೆಯೂ ಹೀಗೇ ಗೋಡೆಯೊಳಗೆ ಇಳಿದುಹೋದರೆ? ಅವರನ್ನು ಹೇಗೆ ಎಬ್ಬಿಸಬೇಕೋ ತಿಳಿಯಲಿಲ್ಲ. ನನಗೆ ತಿಳಿದಿದ್ದು ಅವರೇ ಕಲಿಸಿದ ಒಂದೇ ಕೆಲಸ. ಒಂದು ಬೆಳಿಗ್ಗೆ ಕಿಟಕಿಯ ಬಳಿ ಕುಳಿತು ಹಸಿರು ದಾರ ಇದ್ದಲ್ಲಿ ತೆರೆದೆ. ಅದೇ ಹೆಸರುಗಳು. ಅಷ್ಟು ಕಷ್ಟದ ಹೆಸರುಗಳನ್ನು ಮನಸ್ಸಿನಲ್ಲೇ ಓದಲು ನನಗೆ ಬರುವುದಿಲ್ಲ, ಗಟ್ಟಿಯಾಗಿ ಕೂಡಿಸಬೇಕು. ನಾಚಿಕೆಯಾದರೂ ಓದಿದೆ. ಇಂಥವನ ಮಗ ಇಂಥವನು. ಇಂಥವನ ಮಗ ಇಂಥವನು. ತಡವರಿಸಿದೆ, ಮತ್ತೆ ಓದಿದೆ. ಉಸಿರು ಹಿಡಿಯಲು ಒಂದು ಕಡೆ ನಿಂತೆ.

ಗೋಡೆಯ ಕಡೆಯಿಂದ ದನಿ ಬಂತು.

"ಎಸ್ತೇರವ್ವನ ಮಗ ಜಯಶೀಲ."

ನಾನು ತಿರುಗಿ ನೋಡಿದೆ. ಅವರ ಬೆನ್ನು ಅಲುಗುತ್ತಿತ್ತು. "ಜಯಶೀಲಾ... ಉಣ್ಣಾಕ ಬಾರೋ ನನ್ನಪ್ಪಾ" ಎಂದು ಕೂಗಿ ಅತ್ತರು. ಕೋಕಿಲಾಬೆನ್ ಓಡಿಬಂದು ಅವರ ತಲೆಯನ್ನು ಮಡಿಲಲ್ಲಿಟ್ಟುಕೊಂಡರು. ಮೂವರೂ ಅತ್ತೆವು. ಅವತ್ತು ಅತ್ತೆ ಎದ್ದು ನಾಲ್ಕು ತುತ್ತು ಉಂಡರು.

ಅಲ್ಲಿಂದ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಒಂದೆರಡು ಸಲ ಪುಸ್ತಕ ಕೇಳಿ ತೆಗೆದುಕೊಂಡರು. ಕೆಂಪು ದಾರದ ಪುಟ ತೆರೆದು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿ, "ಕಾಣವಲ್ದು" ಎಂದು ಮುಚ್ಚಿಬಿಟ್ಟರು. ಕಣ್ಣಿಗೆ ಕಾಣುತ್ತಿರಲಿಲ್ಲವೋ, ಮನಸ್ಸಿಗೆ ಕಾಣುತ್ತಿರಲಿಲ್ಲವೋ, ನಾನು ಕೇಳಲಿಲ್ಲ. ಆದರೆ ದಿನಾ ಬೆಳಿಗ್ಗೆ, "ಎಲ್ಲಿಗೆ ಬಂತವಾ ನಿನ್ನ ಹಸಿರು ದಾರ?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. "ನಡೀಲಿ" ಎನ್ನುತ್ತಿದ್ದರು. ಕೆಂಪು ದಾರ ಇದ್ದಲ್ಲೇ ಇತ್ತು.

ಚಳಿಗಾಲದಲ್ಲಿ ಹಾಸಿಗೆ ಹಿಡಿದರು. ಕೊನೆಯ ಬೆಳಿಗ್ಗೆ ನಾನು ಓದಿ ಮುಗಿಸಿ ಪುಸ್ತಕ ಮುಚ್ಚುವಾಗ ನನ್ನ ಕೈಯನ್ನು ಹಿಡಿದುಕೊಂಡರು. ಆ ಕೈಗೆ ತೂಕವೇ ಇರಲಿಲ್ಲ.

"ಒಂದು ಮಾತು ಕೇಳ್ತೀನಿ, ನಗಬ್ಯಾಡ."

"ಹೇಳ್ರಿ ಅತ್ತೀ."

"ನಿನ್ನ ದಾರ ನನ್ನ ದಾರದ ತನಕಾ ಬಂದ ದಿನ... ನನ್ನ ಪಾಲೂ ನೀನ ಓದವಾ."

ಒಬ್ಬರ ಪಾಲನ್ನು ಇನ್ನೊಬ್ಬರು ಓದಲಾಗದು ಎಂದು ನನಗೆ ಕಲಿಸಿದವರು ಅವರೇ. ನಾನು ಹೂಂ ಎಂದೆ. ಅವರು ದೇವರೊಡನೆ ಮತ್ತೆ ಮಾತಾಡಿದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ನಾನು ವಡೋದರಾದಲ್ಲಿ ನಿಮ್ಮ ಮನೆಯಲ್ಲಿದ್ದೇನೆ. ನನ್ನ ಓದು ಇನ್ನೂ ನಿಧಾನ. ಈ ಬೆಳಿಗ್ಗೆ ಹಸಿರು ದಾರ ಕೆಂಪು ದಾರದ ಪುಟಕ್ಕೆ ಬಂತು. ಅಲ್ಲಿ ದಾರದ ಬಣ್ಣ ಹತ್ತಿ ಕಾಗದದ ಮೇಲೆ ಕೆಂಪು ಗೆರೆಯೊಂದು ಮೂಡಿತ್ತು. ಮಗ ಸತ್ತ ಮರುದಿನ ಅವರು ಓದದೆ ಬಿಟ್ಟ ಪಾಲು ಏನಿರಬಹುದು ಎಂದು ಇಷ್ಟು ವರ್ಷ ಯೋಚಿಸಿದ್ದೆ. ಸಮಾಧಾನದ ಮಾತೊಂದು ಅವರಿಗಾಗಿ ಕಾಯುತ್ತಿದ್ದಿರಬೇಕು ಎಂದುಕೊಂಡಿದ್ದೆ. ಅಲ್ಲಿ ಅಂಥದ್ದೇನೂ ಇರಲಿಲ್ಲ. ಒಂದು ಗೋಡೆಯ ಉದ್ದ, ಅಗಲ, ಬಾಗಿಲುಗಳ ಅಳತೆ. ಅಷ್ಟೇ. ಮತ್ತೊಂದು ದಿನವಾಗಿದ್ದರೆ ಅತ್ತೆ ಅದನ್ನೂ ಬೆರಳಿಟ್ಟು, ಒಂದು ಅಳತೆಯನ್ನೂ ಬಿಡದೆ ಓದುತ್ತಿದ್ದರು. ಅದನ್ನು ನೆನೆದು ಅಳು ಬಂತು.

ಆಗಲೇ ಜೋಯಲ್, ನೀನು ಬ್ಯಾಗ್ ಹೆಗಲಿಗೇರಿಸಿಕೊಂಡು ಬಂದು ಇಣುಕಿದೆ. "ಅಜ್ಜಿ, ಫಿರ್ ಸೇ ವಹೀ ಪೇಜ್? ಈಗಷ್ಟೇ ಓದಿದ್ರಲ್ಲ?" ಎಂದೆ. ನಿನ್ನ ಶಾಲೆಯ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು, ಹೇಳಲು ಹೊತ್ತಿರಲಿಲ್ಲ. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ. ಕನ್ನಡ ಓದಲು ನಿಮಗೆ ಬಾರದು, ನಿಮ್ಮಮ್ಮನ ಹತ್ತಿರ ಓದಿಸಿಕೊಳ್ಳಿ. ನಿಮ್ಮ ಪಾಲನ್ನು ಮಾತ್ರ ನಿಮಗೆ ಬರುವ ಭಾಷೆಯಲ್ಲಿ ನೀವೇ ಓದಿಕೊಳ್ಳಿ.

ಹೌದು ಮಗಾ, ಅದೇ ಪುಟ. ಮೊದಲು ನನ್ನದನ್ನು ಓದಿದೆ. ಆಮೇಲೆ ಅವರದನ್ನು ಓದಿದೆ.