ಎಸ್‌ಜಿಪಿಟಿ ಹತ್ತೊಂಬತ್ತು ಎಂದು ಬರೆದುಕೊಟ್ಟ ದಿನ

1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. ಅದೇ ವರ್ಷ ನಾನು ಪ್ರಯೋಗಾಲಯ ತಂತ್ರಜ್ಞೆಯಾಗಿ ಸರ್ಕಾರಿ ಸೇವೆಗೆ ಸೇರಿದೆ. ಗಂಗಾವತಿಯಲ್ಲಿ, ಆಮೇಲೆ ಕುಷ್ಟಗಿಯಲ್ಲಿ ಕೆಲವು ವರ್ಷ ಕಳೆದು, 2006ರ ಹೊತ್ತಿಗೆ ಯಲಬುರ್ಗಾ ಭಾಗದ ಒಂದು ಆಸ್ಪತ್ರೆಯಲ್ಲಿದ್ದೆ. ಲ್ಯಾಬ್ ಎಂದರೆ ಒಂದೇ ಕೋಣೆ. ಒಂದು ಸೂಕ್ಷ್ಮದರ್ಶಕ, ಒಂದು ಸೆಂಟ್ರಿಫ್ಯೂಜ್, ಹೊಸದಾಗಿ ಬಂದಿದ್ದ ಸೆಮಿ-ಆಟೋ ಅನಲೈಸರ್, ಮತ್ತು ನಾನೊಬ್ಬಳು.

ಆ ವರ್ಷದ ಜೂನ್ ತಿಂಗಳಲ್ಲಿ ಚಿಕುನ್‌ಗುನ್ಯಾ ಜ್ವರ ಊರೂರಿಗೆ ಹಬ್ಬಿತ್ತು. ಜನ ಕುಂತಲ್ಲಿಂದ ಏಳಲಾರದೆ, ಗೋಡೆ ಹಿಡಿದು ಆಸ್ಪತ್ರೆಗೆ ಬರುತ್ತಿದ್ದರು. ದಿನಕ್ಕೆ ಇಪ್ಪತ್ತು ರಕ್ತದ ಮಾದರಿ ಬರುತ್ತಿದ್ದ ಲ್ಯಾಬಿಗೆ ಅರವತ್ತು ಬರತೊಡಗಿದವು.

ಒಂದು ಬುಧವಾರ ಬೆಳಿಗ್ಗೆ ಮಂಗಳೂರಿನ ಮಾಬುಸಾಬ ನದಾಫ ಬಂದರು. ಇದು ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವರ ಕಸುಬು; ವಯಸ್ಸು ನಲವತ್ತೊಂದು. ಜ್ವರ ಬಿಟ್ಟಿತ್ತು, ಆದರೆ ಎರಡು ದಿನದಿಂದ ವಾಂತಿ. ವೈದ್ಯರಾದ ಡಾ. ಪಾಟೀಲರು ಹೊಟ್ಟೆ ಮುಟ್ಟಿ ನೋಡಿ, ಬಲಪಕ್ಕೆಯ ಕೆಳಗೆ ಸ್ವಲ್ಪ ನೋವಿದೆ ಎಂದು ಬಿಲಿರುಬಿನ್ ಮತ್ತು ಎಸ್‌ಜಿಪಿಟಿ ಬರೆದು ಕಳಿಸಿದ್ದರು.

ಎಸ್‌ಜಿಪಿಟಿ ಎಂಬುದು ಲಿವರ್ ಕೋಶಗಳ ಒಳಗಿರುವ ಒಂದು ಕಿಣ್ವ. ಕೋಶಕ್ಕೆ ಪೆಟ್ಟು ಬಿದ್ದರೆ ಅದು ರಕ್ತಕ್ಕೆ ಸೋರುತ್ತದೆ. ಕಣ್ಣು ಹಳದಿಯಾಗುವುದಕ್ಕೆ ಎಷ್ಟೋ ಮೊದಲೇ ಈ ಸಂಖ್ಯೆ ಏರುತ್ತದೆ. ನಮ್ಮಲ್ಲಿ 40 ಯೂನಿಟ್‌ವರೆಗೆ ಸಹಜ ಎಂದು ಲೆಕ್ಕ. ಮಾಬುಸಾಬರ ಬಿಲಿರುಬಿನ್ 1.4 ಬಂತು, ತುಸು ಹೆಚ್ಚು. ಎಸ್‌ಜಿಪಿಟಿ 19. ಬರೆದು ಸಹಿ ಹಾಕಿ ಕೊಟ್ಟೆ. ವೈದ್ಯರು ನೋಡಿ, ಲಿವರ್ ಸರಿಯಿದೆ, ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿ ವಾಂತಿಯಾಗಿರಬೇಕು ಎಂದು ಸಮಾಧಾನ ಹೇಳಿದರು. ನೋವಿದ್ದರೆ ಜ್ವರದ ಗುಳಿಗೆಯನ್ನೇ ಮುಂದುವರಿಸಿ ಎಂದೂ ಹೇಳಿ ಕಳಿಸಿದರು.

ಮಧ್ಯಾಹ್ನ ಒಂದರ ಸುಮಾರಿಗೆ ಯಂತ್ರದಿಂದ ಬಂದ ಕಾಗದದ ಪಟ್ಟಿಗಳನ್ನು ರಿಜಿಸ್ಟರಿಗೆ ಅಂಟಿಸುತ್ತಿದ್ದೆ. ಪಟ್ಟಿಯಲ್ಲಿ ಫಲಿತಾಂಶದ ಮೇಲೆ ಇನ್ನೊಂದು ಸಂಖ್ಯೆ ಇರುತ್ತದೆ: ಅಳತೆ ಶುರುವಾದಾಗ ದ್ರಾವಣ ಎಷ್ಟು ಬೆಳಕು ಹೀರುತ್ತಿತ್ತು ಎಂಬುದು. ಆ ದಿನ ಎಲ್ಲರದೂ 1.2ರ ಮೇಲಿತ್ತು. ಮಾಬುಸಾಬರದು 0.3.

ಕೈಯಲ್ಲಿದ್ದ ಗೋಂದಿನ ಕಡ್ಡಿ ಹಾಗೇ ನಿಂತಿತು.

ಈ ಪರೀಕ್ಷೆಯಲ್ಲಿ ಯಂತ್ರ ಕಿಣ್ವವನ್ನು ನೇರವಾಗಿ ಎಣಿಸುವುದಿಲ್ಲ. ದ್ರಾವಣದಲ್ಲಿ ಬೆಳಕು ಹೀರುವ ಎನ್‌ಎಡಿಎಚ್ ಎಂಬ ವಸ್ತು ಇರುತ್ತದೆ. ಕಿಣ್ವ ಹೆಚ್ಚಿದ್ದಷ್ಟೂ ಅದು ಬೇಗ ಖರ್ಚಾಗುತ್ತದೆ. ಮೊದಲ ಒಂದು ನಿಮಿಷ ಬಿಟ್ಟು, ಆಮೇಲೆ ಆ ಖರ್ಚಿನ ವೇಗವನ್ನು ಯಂತ್ರ ಅಳೆಯುತ್ತದೆ. ಕಿಣ್ವ ವಿಪರೀತ ಇದ್ದರೆ ಆ ಒಂದು ನಿಮಿಷದಲ್ಲೇ ಎಲ್ಲವೂ ಮುಗಿದುಹೋಗಿರುತ್ತದೆ. ಪಂಕ್ತಿಯಲ್ಲಿ ಕೂತವರ ಹಸಿವನ್ನು ಅನ್ನ ಇಳಿಯುವ ವೇಗದಿಂದ ಅಳೆಯಲು ಹೋಗಿ, ಪಾತ್ರೆ ಖಾಲಿಯಾದ ಮೇಲೆ ನೋಡಿ, ಇವರಿಗೆ ಹಸಿವೇ ಇಲ್ಲ ಎಂದ ಹಾಗೆ. ತರಬೇತಿಯಲ್ಲಿ ಇದನ್ನು ಓದಿದ್ದೆ. ಕಣ್ಣಾರೆ ಕಂಡಿರಲಿಲ್ಲ.

ಉಳಿದಿದ್ದ ಸೀರಮ್‌ನಲ್ಲಿ ಒಂದು ಪಾಲಿಗೆ ಒಂಬತ್ತು ಪಾಲು ಸಲೈನ್ ಬೆರೆಸಿ ಮತ್ತೆ ಹಾಕಿದೆ. 296. ಹತ್ತರಿಂದ ಗುಣಿಸಿದರೆ 2,960. ನಂಬಲಾಗದೆ ಇಪ್ಪತ್ತು ಪಟ್ಟು ತೆಳುಮಾಡಿ ಹಾಕಿದೆ. ಲೆಕ್ಕ 3,020ಕ್ಕೆ ಬಂತು.

ಓಡಿಹೋಗಿ ಬೆಳಗಿನ ಪಟ್ಟಿ, ಈಗಿನ ಪಟ್ಟಿ ಎರಡನ್ನೂ ವೈದ್ಯರ ಮುಂದಿಟ್ಟೆ.

“ಯಾವುದು ಖರೆ?” ಎಂದರು.

“ಎರಡನೇದು ಸರ್. ಬೆಳಿಗ್ಗೆ ಕೊಟ್ಟಿದ್ದು ನನ್ನ ತಪ್ಪು. ಕಡೀ ನಂಬರ್ ಅಷ್ಟ ನೋಡಿದೆ, ಮ್ಯಾಲಿಂದು ನೋಡಲಿಲ್ಲ.”

ಅವರು ಬೈಯಲಿಲ್ಲ. ಕುರ್ಚಿಯಿಂದ ಎದ್ದು, “ನಾನು ಅವಂಗ ಅದ ಗುಳಿಗಿ ಮುಂದುವರಸು ಅಂದೀನಿ,” ಎಂದರು. ಅವರ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಹೊರಗೆ ನೂರು ಜನ ಕಾಯುತ್ತಿದ್ದರು. ವೈದ್ಯರು ಅವರನ್ನು ಬಿಟ್ಟು ಬರುವಂತಿರಲಿಲ್ಲ. “ಜೀಪ್ ತಗೊಂಡು ನೀವ ಹೋಗ್ರಿ. ರಕ್ತ ಅಲ್ಲೇ ತಗೀರಿ. ಏನೇನು ಗುಳಿಗಿ ನುಂಗ್ಯಾನ ಎಲ್ಲಾ ತರ್ರಿ. ಮಾಬುಸಾಬನ್ನ ಬಿಟ್ಟು ಮಾತ್ರ ಬರಬ್ಯಾಡ್ರಿ.”

ಮಂಗಳೂರು ಮುಟ್ಟಿದಾಗ ಎರಡೂವರೆ. ಮಾಬುಸಾಬರು ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಗಾದಿಯೊಂದಕ್ಕೆ ದೊಡ್ಡ ಸೂಜಿಯಿಂದ ಟಾಕಿ ಹಾಕುತ್ತಿದ್ದರು. ನನ್ನನ್ನು ಕಂಡು ನಕ್ಕರು.

“ಜ್ವರ ಬಿಟ್ಟೈತ್ರಿ ಮೇಡಂ. ಮತ್ಯಾಕ ಬಂದ್ರಿ?”

“ನಿಮ್ಮ ಲಿವರಿಗೆ ಪೆಟ್ಟು ಬಿದ್ದೈತಿ. ಈಗ ದವಾಖಾನಿಗೆ ಬರಬೇಕು.”

ಅವರು ಎದೆಯ ಕಿಸೆಯಿಂದ ನಾಲ್ಕು ಮಡಿಕೆ ಮಾಡಿದ ರಿಪೋರ್ಟ್ ತೆಗೆದರು. “ನೀವ ಬರದು ಕೊಟ್ಟೀರಿ ನೋಡ್ರಿ. ಡಾಕ್ಟರ್ ಸಾಹೇಬ್ರೂ ಛಲೋ ಐತಿ ಅಂದಾರ. ಶುಕ್ರವಾರ ಮದಿವಿ ಮನಿಗೆ ಎಂಟು ಗಾದಿ ಕೊಡಬೇಕ್ರಿ. ಬ್ಯಾಡ ಬಿಡ್ರಿ, ನಾ ಆರಾಮ ಅದೀನಿ.”

ಅದರ ಕೆಳಗೆ ನನ್ನದೇ ಸಹಿ. ನೀಲಿ ಶಾಯಿ. ಸುತ್ತ ಐದಾರು ಜನ ಸೇರಿದ್ದರು. ಯಂತ್ರ ಕೆಟ್ಟಿತ್ತು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

“ಆ ಚೀಟಿ ತಪ್ಪೈತಿ,” ಎಂದೆ. “ನಾನ ತಪ್ಪು ಮಾಡೀನಿ. ಹತ್ತೊಂಬತ್ತಲ್ಲ, ಮೂರು ಸಾವಿರ.”

ಅವರು ಸೂಜಿ ಕೆಳಗಿಟ್ಟರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ರಾಜಬಿ ಮುಂದೆ ಬಂದರು. “ತಾ ತಪ್ಪು ಮಾಡೀನಿ ಅಂತ ಹೇಳಾಕ ಇಷ್ಟು ದೂರ ಯಾರರ ಬರತಾರೇನ್ರಿ? ಸುಳ್ಳ ಇದ್ದಿದ್ರ ಬರತಿದ್ದಿಲ್ಲ. ಏಳ್ರಿ.”

ಗುಳಿಗೆಗಳನ್ನು ತನ್ನಿ ಎಂದೆ. ರಾಜಬಿ ಒಂದು ಪ್ಲಾಸ್ಟಿಕ್ ಚೀಲ ತಂದು ಕಟ್ಟೆಯ ಮೇಲೆ ಸುರುವಿದರು. ಆರೋಗ್ಯ ಕಾರ್ಯಕರ್ತೆ ಕೊಟ್ಟ ಬಿಳಿ ಗುಳಿಗೆ, ಜ್ವರಕ್ಕೆ. ಔಷಧದ ಅಂಗಡಿಯ ಹಳದಿ ಗುಳಿಗೆ, ಕೀಲುನೋವಿಗೆ. ಸಂತೆಯಲ್ಲಿ ಯಾರೋ ಹೇಳಿದ್ದೆಂದು ಕೊಂಡ ಇನ್ನೊಂದು, ನೆಗಡಿ ಮೈಕೈನೋವಿಗೆ. ಬಣ್ಣ ಮೂರು, ಹೆಸರು ಮೂರು. ಹಿಂದಿನ ಸಣ್ಣ ಅಕ್ಷರ ಓದಿದರೆ ಮೂರರಲ್ಲೂ ಪ್ಯಾರಾಸಿಟಮಾಲ್. ಹೇಗೆ ನುಂಗಿದರೆಂದು ಕೇಳಿ ಕೂಡಿದೆ: ದಿನಕ್ಕೆ ಆರೂವರೆ ಗ್ರಾಂ, ಐದು ದಿನ. ಊಟ ಸೇರುತ್ತಿರಲಿಲ್ಲ. ಚೆನ್ನಾಗಿ ಉಣ್ಣುವ ದೊಡ್ಡವರಿಗೂ ದಿನಕ್ಕೆ ನಾಲ್ಕು ಗ್ರಾಂ ದಾಟಬಾರದು; ದಾಟಿದರೆ ಲಿವರ್ ಕೋಶಗಳು ಸಾಯತೊಡಗುತ್ತವೆ. ನೋವು ತಡೆಯಲಾರದೆ ಒಬ್ಬ ಮನುಷ್ಯ ಮೂರು ಕಡೆಯಿಂದ ಒಂದೇ ಔಷಧ ನುಂಗಿದ್ದ.

ಕಟ್ಟೆಯ ಮೇಲೇ ಕೂರಿಸಿ ರಕ್ತ ತೆಗೆದೆ. ಸೂಜಿ ತೆಗೆದ ಜಾಗದಲ್ಲಿ ಹತ್ತಿ ಒತ್ತಿದೆ. ಸಾಮಾನ್ಯವಾಗಿ ಎರಡು ನಿಮಿಷ ಸಾಕು. ಜೀಪು ಊರು ದಾಟಿದರೂ ಅವರ ತೋಳಿನಿಂದ ರಕ್ತ ಜಿನುಗುತ್ತಲೇ ಇತ್ತು. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಮಾಡುವುದು ಲಿವರ್. ಅದು ಆ ಕೆಲಸ ಬಿಡುತ್ತಿದೆ ಎಂದು ನನಗೆ ತಿಳಿಯಿತು. ಪಕ್ಕದಲ್ಲಿ ರಾಜಬಿ ಇದ್ದುದರಿಂದ ಸುಮ್ಮನೆ ಒತ್ತಿ ಹಿಡಿದೆ.

ಆಸ್ಪತ್ರೆಯಲ್ಲಿ ಪ್ರೋಥ್ರಾಂಬಿನ್ ಟೈಮ್ ಮಾಡಿದೆ. ರಕ್ತ ಹೆಪ್ಪುಗಟ್ಟಲು ಬೇಕಾಗುವ ಸಮಯವನ್ನು ಸೆಕೆಂಡುಗಳಲ್ಲಿ ಹೇಳುವ ಪರೀಕ್ಷೆ ಅದು. ಸಹಜ 13; ಅವರದು 31. ವೈದ್ಯರು ಅಷ್ಟರಲ್ಲಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ, ಪ್ಯಾರಾಸಿಟಮಾಲ್ ವಿಷ ಇಳಿಸುವ ಅಸಿಟೈಲ್‌ಸಿಸ್ಟೀನ್ ಎಂಬ ಔಷಧ ಅಲ್ಲಿದೆಯೆಂದು ಖಾತ್ರಿ ಮಾಡಿಕೊಂಡಿದ್ದರು. ನಾಲ್ಕೂವರೆಗೆ ಆಂಬುಲೆನ್ಸ್ ಹೊರಟಿತು.

ಮುಂದಿನ ದಿನಗಳಲ್ಲಿ ಡಾ. ಪಾಟೀಲರು ಬೆಳಿಗ್ಗೆ ಹುಬ್ಬಳ್ಳಿಗೆ ಫೋನ್ ಮಾಡಿ, ನೇರ ಲ್ಯಾಬಿಗೆ ಬಂದು ಸಂಖ್ಯೆ ಹೇಳುತ್ತಿದ್ದರು. ಗುರುವಾರ ಎಸ್‌ಜಿಪಿಟಿ 4,100. ಶುಕ್ರವಾರ ಕಣ್ಣು ಹಳದಿಯಾಯಿತು, ಮಂಪರು ಕವಿಯಿತು. ಶನಿವಾರ ಎಸ್‌ಜಿಪಿಟಿ 1,900ಕ್ಕೆ ಇಳಿಯಿತು ಎಂದಾಗ ನಾನು ಉಸಿರು ಬಿಟ್ಟೆ.

“ಹಿಗ್ಗಬ್ಯಾಡ್ರಿ,” ಎಂದರು ಅವರು. “ಲಿವರ್ ಸುಧಾರಿಸಿದ್ರೂ ಇಳೀತದ, ಸೋರಾಕ ಕೋಶನ ಇಲ್ಲದಿದ್ರೂ ಇಳೀತದ.”

ಯಾವುದೆಂದು ಹೇಳಬಲ್ಲದ್ದು ಪ್ರೋಥ್ರಾಂಬಿನ್ ಟೈಮ್ ಒಂದೇ. ಶನಿವಾರ ಅದು 38 ಇತ್ತು. ಭಾನುವಾರವೂ 38. ಆ ಭಾನುವಾರ ನಾನು ರಜೆಯಿದ್ದರೂ ಲ್ಯಾಬಿಗೆ ಹೋಗಿ, ತೊಳೆದ ಗಾಜಿನ ನಳಿಕೆಗಳನ್ನೇ ಮತ್ತೆ ತೊಳೆಯುತ್ತಾ ಕೂತಿದ್ದೆ. ಸೋಮವಾರ ವೈದ್ಯರು ಬಾಗಿಲಲ್ಲೇ ನಿಂತು ಹೇಳಿದರು: “ಇಪ್ಪತ್ತಾರು. ಕಣ್ಣು ತೆಗದಾನ, ಹೆಂಡತಿ ಕೂಡ ಮಾತಾಡ್ಯಾನ.”

ಹದಿನೆಂಟು ದಿನಕ್ಕೆ ಮಾಬುಸಾಬರು ಮನೆಗೆ ಬಂದರು. ಎರಡು ತಿಂಗಳ ಮೇಲೆ ನಾನೇ ಪರೀಕ್ಷೆ ಮಾಡಿದಾಗ ಎಸ್‌ಜಿಪಿಟಿ 34. ಅದನ್ನು ಮೂರು ಸಲ ಮಾಡಿ ನೋಡಿದ ಮೇಲೆ ಸಹಿ ಹಾಕಿದೆ. ಮದುವೆಯ ಗಾದಿಗಳನ್ನು ರಾಜಬಿಯ ಅಣ್ಣ ಹೊಲಿದು ಕೊಟ್ಟಿದ್ದನಂತೆ.

ನಾನು ಆಮೇಲೆ ಕೆಲಸ ಕಲಿಸಿದವರಿಗೆಲ್ಲ ಹೇಳಿದ್ದು ಇಷ್ಟು. ಹೆಚ್ಚು ಬಂದ ಸಂಖ್ಯೆಯನ್ನು ಯಾರಾದರೂ ಅನುಮಾನಿಸುತ್ತಾರೆ, ಎರಡನೇ ಸಲ ಪರೀಕ್ಷೆ ಮಾಡುತ್ತಾರೆ. ಸಹಜ ಎಂದು ಬಂದದ್ದನ್ನು ಯಾರೂ ತಿರುಗಿ ನೋಡುವುದಿಲ್ಲ. ಅದನ್ನು ನೋಡಬೇಕಾದವರು ನಾವು ಮಾತ್ರ. ತಪ್ಪಿದ್ದು ಗೊತ್ತಾದರೆ, ಆ ಕ್ಷಣವೇ ಎದ್ದು ಹೋಗಿ ಹೇಳಬೇಕು.

ಮಾಬುಸಾಬರನ್ನು ಹುಬ್ಬಳ್ಳಿಗೆ ಕಳಿಸಿದ ವಾರವೇ ಮೇಲಧಿಕಾರಿಗಳಿಗೆ ನಡೆದದ್ದನ್ನೆಲ್ಲ ಒಂದು ಪುಟದಲ್ಲಿ ಬರೆದು ಕಳಿಸಿದೆ. ಯಾರೂ ಕೇಳಿರಲಿಲ್ಲ. ಕೆಲಸಕ್ಕೆ ಕುತ್ತು ಬರಬಹುದೆಂದು ಮನೆಯಲ್ಲಿ ಬೇಡವೆಂದರು. ಕುತ್ತೇನೂ ಬರಲಿಲ್ಲ, ಎಚ್ಚರಿಕೆಯ ಒಂದು ಸಾಲು ಬಂತು. ಸೇವೆಯುದ್ದಕ್ಕೂ ಎಷ್ಟು ಸಾವಿರ ರಿಪೋರ್ಟಿಗೆ ಸಹಿ ಹಾಕಿದೆನೋ ಗೊತ್ತಿಲ್ಲ. ನಾನು ಪ್ರತಿ ತೆಗೆದು ಇಟ್ಟುಕೊಂಡಿರುವುದು ಮೇಲಧಿಕಾರಿಗಳಿಗೆ ಬರೆದ ಆ ಪತ್ರ ಒಂದನ್ನೇ.