ಐಸಿನ ತಲೆಗೆ ಕಟ್ಟಿದ ತಪ್ಪು

ಮೊನ್ನೆ ಬೆಳಿಗ್ಗೆ ಹೊನ್ನಾವರದ ಬಂದರಿನಲ್ಲಿ ನೆಟ್ಟಗೆ ಐಸಿನ ಗಾಡಿಯ ಮುಂದೆ ಹೋಗಿ ನಿಂತೆ. ಹೊಸ ಥರ್ಮಾಕೋಲ್ ಡಬ್ಬಿಯ ಮುಚ್ಚಳ ತೆಗೆದಾಗ ಕಿರ್ರ್ ಎಂದು ಹಲ್ಲು ಜುಮ್ಮೆನ್ನುವ ಸದ್ದಾಯಿತು. ಐಸು ಮಾರುವ ಗಣಪತಿ ಸಲಿಕೆ ಎತ್ತಿದವ ಹಾಗೇ ನಿಂತ.

"ಎಂತ ಅಜ್ಜಿ, ದಾರಿ ತಪ್ತಾ?"

"ಐಸು ಹಾಕು."

"ನಿಮಗಾ?"

"ಅಲ್ಲ, ನಿನ್ನ ಹೆಂಡ್ತಿಗೆ. ಹಾಕು ಅಂದ್ರೆ ಹಾಕು."

ಹಾಕಿದ. ಅವನು ಬಾಯಿ ಬಿಟ್ಟದ್ದರಲ್ಲಿ ತಪ್ಪಿಲ್ಲ. ಐಸು ಮುಟ್ಟದ ಮೀನುಗಾರ್ತಿ ಎಂದೇ ನಾನು ಈ ಊರಿಗೆ ಗೊತ್ತು. ಇಪ್ಪತ್ತೆರಡು ವರ್ಷ, ಬೆಳಿಗ್ಗೆ ದೋಣಿಯಿಂದ ಇಳಿದ ಮೀನನ್ನು ಮಧ್ಯಾಹ್ನದೊಳಗೆ ಮಾರಿದ್ದೇನೆ. ಉಳಿದದ್ದಕ್ಕೆ ಉಪ್ಪು, ಇಲ್ಲವೇ ಬೆಕ್ಕು. ಗಿರಾಕಿಗಳು ಹೊಗಳುತ್ತಿದ್ದರು. ಮಾಸ್ತರರ ಮನೆಯವರು ನೆರೆಮನೆಗೆಲ್ಲ "ಅವಳದ್ದು ಒಂದು ನೇಮ, ಐಸಿನ ಮೀನು ಮುಟ್ಟೂದಿಲ್ಲ" ಎಂದು ಹೇಳಿಕೊಂಡು ಬಂದರು. ನಾನೂ ಸುಮ್ಮನಿದ್ದೆ. ಹೊಗಳಿಕೆ ಯಾರಿಗೆ ಬೇಡ? ಆದರೆ ನೇಮವೂ ಇಲ್ಲ, ಮಣ್ಣೂ ಇಲ್ಲ. ಐಸು ಮುಟ್ಟಲು ನನಗೆ ಹೆದರಿಕೆ. ನನ್ನ ಐಸೇ ನನ್ನ ಮಗಳನ್ನು ಕೊಂದಿತು ಎಂದು ನಾನು ನಂಬಿದ್ದೆ.

ಮಗಳ ಹೆಸರು ಮಾದೇವಿ. ಒಬ್ಬಳೇ. ಮಿರ್ಜಾನಕ್ಕೆ ಕೊಟ್ಟಿದ್ದೆ. ಅಳಿಯ ಅಘನಾಶಿನಿ ಹೊಳೆಯಲ್ಲಿ ಬಲೆ ಬೀಸುವವ, ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಮಾದೇವಿ ನನ್ನ ಹಾಗೆ ಬಾಯಿಬಡುಕಿ, ಹಾಗಾಗಿ ಇಬ್ಬರಿಗೂ ಸರಿಹೊಂದಿತ್ತು. ಎಂಟು ತಿಂಗಳಾದಾಗ ಹೊಟ್ಟೆಯಲ್ಲಿ ಮಗು ಅಲುಗುವುದು ನಿಂತಿತು. ಕುಮಟೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಆಪರೇಶನ್ ಆಗಬೇಕು, ಮೈಯಲ್ಲಿ ರಕ್ತವಿಲ್ಲ, ಮೊದಲು ರಕ್ತ ತನ್ನಿ ಎಂದರು. ತರಲು ತೆಂಕಣದ ದೊಡ್ಡ ಊರಿಗೆ ಹೋಗಬೇಕಿತ್ತು. ನರ್ಸು ಚೀಟಿ ಬರೆದು ನನಗೂ ತೋರಿಸಿದಳು. ದುಂಡಗೆ ಒಂದು ಸೊನ್ನೆ.

"ಓ ಗುಂಪು. ಎಲ್ಲಾ ಕಡೆ ಸಿಗ್ತದೆ, ಹೆದರಬೇಡಿ."

ರಕ್ತ ತಣ್ಣಗಿರಬೇಕು ಎಂದರು. ತಣ್ಣಗಿಡುವುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ನನ್ನ ಮೀನಿನ ಡಬ್ಬಿಯನ್ನು ಮೂರು ಸಲ ಸೋಪು ಹಾಕಿ ತಿಕ್ಕಿ ತೊಳೆದೆ. ಐಸು ತುಂಬಿದೆ. ಚೀಲ ಐಸಿಗೆ ತಾಗದ ಹಾಗೆ ನಡುವೆ ಇಡಲು ಒಂದು ದಪ್ಪ ಬಟ್ಟೆಯನ್ನೂ ಕೊಟ್ಟೆ. ಅಳಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದ, ಹಾಗೇ ತೊಡೆಯ ಮೇಲಿಟ್ಟುಕೊಂಡು ಬಂದ. ನಾನು ಆಪರೇಶನ್ ಕೋಣೆಯ ಹೊರಗೆ ಮರದ ಬೆಂಚಿನ ಮೇಲೆ ಕೂತಿದ್ದೆ. ನನಗೆ ಆಗ ನಲವತ್ತಾರು, ಬುಟ್ಟಿ ಹೊತ್ತು ಗಟ್ಟಿಯಾದ ಮೈ. ನನ್ನದೂ ತೆಗೆದುಕೊಳ್ಳಿ ಎಂದು ಕೈ ಚಾಚಿದೆ. "ನೀವು ಸುಮ್ನೆ ಕೂತ್ಕೊಳಿ" ಎಂದರು. ಕೂತೆ.

ಚೀಲ ಏರಿಸಿ ಸ್ವಲ್ಪ ಹೊತ್ತಿಗೆ ಮಾದೇವಿಗೆ ನಡುಕ ಹತ್ತಿತು. "ಅಬ್ಬೇ, ಸೊಂಟ ಸೀಳ್ತದೆ" ಎಂದು ಕೂಗಿದ್ದು ಬೆಂಚಿನವರೆಗೆ ಕೇಳಿತು. ಆಮೇಲೆ ಕೆಂಪು ಮೂತ್ರ. ಬಿಸಿಲು ಇಳಿಯುವ ಮುಂಚೆ ಎಲ್ಲ ಮುಗಿಯಿತು.

ಡಾಕ್ಟರು ಹೊರಗೆ ಬಂದರು. ಬೆಂಚಿನ ಕೆಳಗಿದ್ದ ಡಬ್ಬಿಯನ್ನು ಕಾಲಲ್ಲಿ ಆಚೆ ಸರಿಸಿದರು. "ಮೀನಿನ ಐಸಲ್ಲಿ ಇಟ್ರೆ ರಕ್ತ ಕೆಡದೆ ಇರ್ತದಾ? ಎಂತ ಜನ ನೀವು" ಎಂದು ಹೇಳಿ ಕೈ ತೊಳೆಯಲು ಹೋದರು. ಅಷ್ಟೇ ಮಾತು. ಅಳಿಯ ನನ್ನ ಮುಖ ನೋಡಿದ. ಆಮೇಲೆ ಅವನು ನನ್ನ ಬಾಗಿಲಿಗೆ ಬರಲಿಲ್ಲ.

ಡಬ್ಬಿಯನ್ನು ಮನೆಗೆ ತಂದು ಒಲೆಗೆ ಹಾಕಿದೆ. ಕಪ್ಪು ಹೊಗೆ ಬಂದು ಇಡೀ ಕೇರಿ ಕೆಮ್ಮಿತು. ಹಾಕುವ ಮುಂಚೆ ನೋಡಿದರೆ ರಕ್ತ ಕೊಟ್ಟ ಕಡೆಯವರು ಮುಚ್ಚಳದ ಒಳಗೆ ಟೇಪು ಹಾಕಿ ಒಂದು ಚೀಟಿ ಅಂಟಿಸಿದ್ದರು, ಇಂಗ್ಲಿಷಿನಲ್ಲಿ ನಾಲ್ಕು ಸಾಲು. ನನಗೆ ಆಗ ಕನ್ನಡವೇ ಬರುತ್ತಿರಲಿಲ್ಲ. ಅಕ್ಷರ ಕಲಿತದ್ದು ಆಮೇಲೆ, ಹೆಂಗಸರ ಸಂಘದವರು ಹಿಡಿದು ಕೂರಿಸಿದಾಗ. ಈಗಲೂ ಒತ್ತಕ್ಷರ ಬಂದರೆ ನಿಂತು ಉಸಿರು ತೆಗೆದುಕೊಳ್ಳುತ್ತೇನೆ. ಅಕ್ಷರ ಇದ್ದ ಕಾಗದ ಸುಡಬಾರದು ಎಂದು ಆ ಚೀಟಿಯನ್ನು ಬಿಸಿಲಿಗೆ ಒಣಗಿಸಿ, ರೇಶನ್ ಕಾರ್ಡಿನ ಜೊತೆ ತಗಡಿನ ಪೆಟ್ಟಿಗೆಯಲ್ಲಿಟ್ಟೆ. ಮಾದೇವಿಯ ಬಳೆ ಅದೇ ಪೆಟ್ಟಿಗೆಯಲ್ಲಿತ್ತು.

ಕಳೆದ ವರ್ಷ ನನ್ನ ಗರ್ಭಕೋಶ ಕೆಳಗಿಳಿಯಿತು. ಜೀವಮಾನವಿಡೀ ಬುಟ್ಟಿ ಹೊತ್ತರೆ ಅದು ತಾನೇ ಎಷ್ಟು ದಿನ ಜಾಗದಲ್ಲಿ ಕೂತೀತು? ಆಪರೇಶನ್‌ಗೆ ಮುಂಚೆ ರಕ್ತ ನೋಡಬೇಕೆಂದರು. ನೋಡಿದವಳು ವನಿತಾ, ಭಟ್ಕಳದ ಮುಟ್ಟಳ್ಳಿಯ ಹುಡುಗಿ, ರಕ್ತನಿಧಿಯಲ್ಲಿ ಕೆಲಸ. ನನ್ನ ಹಾಸಿಗೆಯ ಹತ್ತಿರ ಓಡಿಯೇ ಬಂದಳು.

"ಅಜ್ಜಿ, ನಿಮ್ಮದು ಓ ಅಲ್ಲ. ಓ ಹಾಂಗೆ ಕಾಣ್ತದೆ ಅಷ್ಟೆ. ಓ ಕೊಟ್ರೆ ನಿಮ್ಮ ಜೀವ ಹೋಗ್ತದೆ. ನಿಮ್ಮದು ಬಾಂಬೆ ಗುಂಪು."

"ಹುಚ್ಚಿ, ನಾ ಗೋಕರ್ಣ ದಾಟಿ ಆಚೆ ಹೋದವಳಲ್ಲ. ನನ್ನ ರಕ್ತ ಯಾವಾಗ ಬೊಂಬಾಯಿಗೆ ಹೋತು?"

ಮೊದಲು ಕಂಡದ್ದು ಅಲ್ಲಿ, ಅದಕ್ಕೆ ಆ ಹೆಸರು ಎಂದಳು. ಬಹಳ ಅಪರೂಪವಂತೆ. ನಮ್ಮ ರಕ್ತ ನಮ್ಮಂಥವರಿಗೇ ಆಗಬೇಕಂತೆ. ನನ್ನ ರಕ್ತವನ್ನೇ ಮೊದಲು ತೆಗೆದಿಟ್ಟು ಆಮೇಲೆ ನನಗೆ ಆಪರೇಶನ್ ಮಾಡಿದರು. ಅದಕ್ಕೂ ಮುಂಚೆ ಅವಳು ಕೇಳಿದಳು: "ಮದುವೆ ಸಂಬಂಧದಲ್ಲೇ ಆದದ್ದಾ ಅಜ್ಜಿ?"

"ಸೋದರಮಾವ. ಅದೂ ನನ್ನ ತಪ್ಪಾ?"

"ತಪ್ಪಲ್ಲ, ಕಾರಣ. ಮಕ್ಕಳು?"

"ಒಬ್ಬಳಿದ್ದಳು. ನಾನೇ ಕೊಂದೆ."

ಐಸಿನ ಕತೆ ಹೇಳಿದೆ. ಹುಡುಗಿ ಬರೆಯುವುದು ಬಿಟ್ಟು ಪೆನ್ನು ಕೆಳಗಿಟ್ಟಳು. "ಕಾಗದ ಎಂತಾದ್ರೂ ಅದೆಯಾ?" ಎಂದಳು. ನಾನು ಮನೆಗೆ ಬಂದ ಮೇಲೆ ಅವಳು ಹುಡುಕಿಕೊಂಡು ಬಂದಾಗ ಪೆಟ್ಟಿಗೆ ತೆಗೆದು ಚೀಟಿ ಕೊಟ್ಟೆ. ಒಂದು ಸಲ ತನ್ನಷ್ಟಕ್ಕೆ ಓದಿದಳು. ಆಮೇಲೆ ನನಗೆ ಕನ್ನಡದಲ್ಲಿ ಹೇಳಿದಳು: ನಾಲ್ಕು ಓ ಚೀಲ ನೋಡಿದೆ, ಯಾವುದೂ ಹೊಂದುತ್ತಿಲ್ಲ. ತುರ್ತು ಎಂದು ಡಾಕ್ಟರು ಕೇಳಿದ್ದಕ್ಕೆ ಒಂದನ್ನು ಕಳಿಸಿದ್ದೇನೆ. ಏರಿಸುವ ಮುಂಚೆ ನನಗೆ ಫೋನ್ ಮಾಡಿ.

ಐಸಿನ ಮಾತು ಎಲ್ಲಿಯೂ ಇರಲಿಲ್ಲ.

"ಆಣೆ ಹಾಕಿ ಹೇಳಲಿಕ್ಕೆ ಬರೂದಿಲ್ಲ ಅಜ್ಜಿ, ಅವರ ರಕ್ತ ಈಗ ನಮ್ಮ ಹತ್ರ ಇಲ್ಲ. ಆದ್ರೆ ನಿಮ್ಮದೇ ಮಗಳು, ಅವರದ್ದೂ ಇದೇ ಗುಂಪು ಇದ್ದಿರಬೇಕು. ಒಂದು ಚೀಲವೂ ಹೊಂದಲಿಲ್ಲ. ನಡುಕ, ಸೊಂಟನೋವು, ಕೆಂಪು ಮೂತ್ರ. ಐಸು ಅಲ್ಲ."

ಹಾಗಾದರೆ ಅವಳಿಗೆ ಆಗುವ ರಕ್ತ ಎಲ್ಲಿತ್ತು? ಮರದ ಬೆಂಚಿನ ಮೇಲೆ ಕೂತಿತ್ತು. ಕೈ ಚಾಚಿತ್ತು. ಸುಮ್ಮನೆ ಕೂತ್ಕೊಳಿ ಎಂದಿದ್ದರು. ಓದಲು ಬರುವವನು ಓದಲಿಲ್ಲ, ಓದಲು ಬಾರದವಳು ಜೋಪಾನ ಮಾಡಿದೆ. ಅಂದು ನಾನು ಅಳಲಿಲ್ಲ. ಅಂಗಳದಲ್ಲಿದ್ದ ಕೊಡಪಾನವನ್ನು ಒದ್ದೆ. ಅದರ ತಗ್ಗು ಇನ್ನೂ ಇದೆ.

ಕೆಲವು ತಿಂಗಳ ಮೇಲೆ ವನಿತಾ ಇನ್ನೊಂದು ಸುದ್ದಿ ತಂದಳು. ರಕ್ತದ ವಿದ್ಯೆ ಬಲ್ಲವರ ಒಂದು ದೊಡ್ಡ ಸಮ್ಮೇಳನ ಪರದೇಶದಲ್ಲಿ ನಡೆಯುತ್ತದಂತೆ. ನಮ್ಮಂಥ ಕಡೆಯಿಂದ ಕಿರಿಯರು ಬರಲಿ ಎಂದು ಅವರೇ ವಿಮಾನದ ಟಿಕೇಟು ಕೊಡಿಸುತ್ತಾರಂತೆ. ಟ್ರಾವೆಲ್ ಗ್ರ್ಯಾಂಟು. ನಮ್ಮಿಬ್ಬರ ಕತೆ, ತಾಯಿಮಗಳದ್ದು, ಬರೆದು ಕಳಿಸಿದ್ದಳು. ಆರಿಸಿದ್ದರು. ಅದಕ್ಕೆ ನಾನು ಒಪ್ಪಿದೆ ಎಂದು ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಹೋಗುವ ಹಾಗಿಲ್ಲ.

ಕತೆ ಬರೆದು ಅಲ್ಲಿ ಗೋಡೆಗೆ ಹಚ್ಚುವ ಪೋಸ್ಟರಿನ ನಕಲು ಬಿಡಿಸಿ ತೋರಿಸಿದಳು. ಮೇಲೆ ಹೆಸರುಗಳ ಸಾಲು, ದೊಡ್ಡ ಡಾಕ್ಟರುಗಳದ್ದು. ಕೊನೆಗೆ ಎಲ್ಲೋ ವನಿತಾ.

"ಮಾದೇವಿ ಎಲ್ಲಿ?"

"ಹೆಸರು ಹಾಕಬಾರದು ಅಜ್ಜಿ, ಕಾಯಿದೆ. ಇಲ್ಲಿ ನೋಡಿ, 'ಇಪ್ಪತ್ತನಾಲ್ಕು ವರ್ಷದ ಹೆಂಗಸು' ಅಂತ ಅದೆ."

"ರಕ್ತ ನೋಡಿದವರ ಹೆಸರು ಅದೆ, ಬರೆದವರ ಹೆಸರು ಅದೆ, ಬರೆಯದವರದ್ದೂ ಅದೆ. ಸತ್ತವಳದ್ದು ಮಾತ್ರ ಕಾಯಿದೆಯಾ?"

ವನಿತಾ ಪೋಸ್ಟರು ಸುತ್ತತೊಡಗಿದಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ, ಆದರೆ ಎದುರಿಗಿದ್ದವಳು ಅವಳೇ. "ಹೆಸರು ಬೇಡ. ಐಸು ಹಾಕು. ಐಸಿಗೆ ಕಾಯಿದೆ ಇಲ್ವಲ್ಲ. ತಾಯಿಯ ಐಸಿನಿಂದ ಕೆಟ್ಟಿತು ಅಂದ್ರು, ಅದು ಸುಳ್ಳು ಅಂತ ಬರೆ. ಬರೆದ್ರೆ ಸಹಿ, ಇಲ್ಲದಿದ್ರೆ ಇಲ್ಲ."

ಮೇಲಿನವರು ಮೊದಲು ಆಗದು ಎಂದರಂತೆ. ಸೇರಿಸದಿದ್ದರೆ ಅಜ್ಜಿ ಸಹಿ ಹಾಕುವುದಿಲ್ಲ ಎಂದು ವನಿತಾ ಹೇಳಿದಳಂತೆ. ಒಂದು ಸಾಲು ಸೇರಿತು. ನನ್ನ ಹೆಸರಿನ ಅಕ್ಷರ ಒಂದೊಂದೇ ಬರೆದು ಕೊಟ್ಟೆ.

ಆಮೇಲೆ ಅವಳ ವೀಸಾದ ಪಾಡು. ಹೋದವಳು ಅಲ್ಲಿಯೇ ಉಳಿದುಬಿಟ್ಟರೆ ಎಂದು ಅವಳ ಅಪ್ಪನ ತೆಂಗಿನ ತೋಟದ ಪಹಣಿಯವರೆಗೆ ಕಾಗದ ಕೇಳಿದರಂತೆ. ಕರೆದವರೂ ಅವರೇ, ಕಳ್ಳರ ಹಾಗೆ ನೋಡುವವರೂ ಅವರೇ. ಭಟ್ಕಳದ ನವಾಯತರ ಹುಡುಗಿ ಒಬ್ಬಳು, ಸಮೀರಾ ಎಂದು, ಸಣ್ಣ ಡಾಕ್ಟರು, ಅವಳಿಗೂ ಅದೇ ಗ್ರ್ಯಾಂಟು ಸಿಕ್ಕಿತ್ತು. ಅವಳು ತನ್ನ ಅಣ್ಣನ ದುಬೈ ಕೋಟು ಇವಳಿಗೆ ಹೊದಿಸಿದಳು. ಬಸ್ ಸ್ಟ್ಯಾಂಡಿನಲ್ಲಿ ಉದ್ದನೆಯ ಕೊಳವೆಯಲ್ಲಿ ಪೋಸ್ಟರ್ ಹಿಡಿದು ನಿಂತ ವನಿತಾಳನ್ನು ನೋಡಿ ಕಂಡಕ್ಟರ್ "ಬೋರ್‌ವೆಲ್ ಪೈಪಾ? ಮೇಲೆ ಹಾಕಿ" ಎಂದ. ನಾನು ಅವನಿಗೆ ಹೇಳಿದೆ, "ಅದರೊಳಗೆ ನನ್ನ ಮಗಳು ಇದ್ದಾಳೆ. ತೊಡೆ ಮೇಲೇ ಇರ್ಲಿ."

ಹದಿನೈದು ದಿನಕ್ಕೆ ಬಂದಳು. ಕೊರಳಿಗೆ ಹಾಕುವ ಹೆಸರಿನ ಪಟ್ಟಿ, ಕಹಿ ಚಾಕಲೇಟು, ನೆಗಡಿ, ಇಷ್ಟು ತಂದಿದ್ದಳು. ಮೂರು ದಿನ ಪೋಸ್ಟರಿನ ಪಕ್ಕ ನಿಂತಿದ್ದಳಂತೆ. ದೊಡ್ಡವರು ಕಾಫಿ ಹಿಡಿದು ಹಾದುಹೋದರಂತೆ. ನಿಂತು ಓದಿದ್ದು ಇವಳ ಹಾಗೆ ಟಿಕೇಟು ಕೊಡಿಸಿಕೊಂಡು ಬಂದ ಹುಡುಗ ಹುಡುಗಿಯರು. ಆಫ್ರಿಕದ ಕಡೆಯ ಒಬ್ಬಳು ಐಸಿನ ಸಾಲಿನ ಮೇಲೆ ಬೆರಳಿಟ್ಟು, "ನಮ್ಮಲ್ಲಿ ಬಿಸಿಲು ಅಂತಾರೆ" ಎಂದಳಂತೆ. "ತಾಯಿ ಬಿಸಿಲಲ್ಲಿ ತಂದಳು, ಅದಕ್ಕೆ ಕೆಟ್ಟಿತು ಅಂತಾರೆ."

ಕೇಳಿ ನನ್ನ ಮೈ ಉರಿಯಿತು. ಅಲ್ಲಿ ಬಿಸಿಲು, ಇಲ್ಲಿ ಐಸು, ತಾಯಿ ಮಾತ್ರ ಎಲ್ಲ ಕಡೆಯೂ ಒಬ್ಬಳೇ. ನೀವೇ ಹೇಳಿ, ಏಳು ಸಮುದ್ರ ದಾಟಿ ಗೊತ್ತಾದದ್ದು ಕುಮಟೆಯಲ್ಲಿ ಗೊತ್ತಾಗಬೇಡವೇ?

"ಆ ಪೈಪು ತಗೊ, ನಡಿ" ಎಂದೆ.

"ಅಜ್ಜಿ, ಜಗಳ ಬೇಡ."

"ಜಗಳ ಅಲ್ಲ, ಕೇಳೂದು."

ಆಸ್ಪತ್ರೆ ಈಗ ಡಾಕ್ಟರ ಮಗನದ್ದು. ಮುದಿ ಡಾಕ್ಟರು ಬೆಳಿಗ್ಗೆ ಒಂದು ತಾಸು ಕೂರುತ್ತಾರೆ. ಮರದ ಬೆಂಚು ಇಲ್ಲ, ಸ್ಟೀಲಿನ ಕುರ್ಚಿ. ಅವರು ಕನ್ನಡಕ ಹಾಕಿ ಪೋಸ್ಟರನ್ನು ಪೂರ್ತಿ ಓದಿದರು. "ಒಳ್ಳೆ ಕೆಲಸ" ಎಂದು ವನಿತಾಳಿಗೆ ಹೇಳಿದರು. ಯಾರ ಕತೆ ಎಂದು ಕೇಳಲಿಲ್ಲ.

"ಅದು ನನ್ನ ಮಗಳು. ಇಲ್ಲೇ ಸತ್ತದ್ದು. ಐಸಿನಿಂದ ಕೆಟ್ಟಿತು ಅಂದವರು ನೀವು."

ಅವರು ನನ್ನ ಮುಖ ನೋಡಿದರು. "ಯಾವ ಐಸು?"

ಸುಳ್ಳಲ್ಲ, ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ಮೀನುಪೇಟೆಯ ಬೈಗುಳ ನನಗೆ ಬಾಯಿಪಾಠ, ದಾರಿಯುದ್ದಕ್ಕೂ ಆರಿಸಿಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಇಪ್ಪತ್ತೆರಡು ವರ್ಷ ನಾನು ಹೊತ್ತದ್ದನ್ನು ಅವರು ಕೈ ತೊಳೆಯುವ ಹೊತ್ತಿಗೇ ಮರೆತಿದ್ದರು. ಪೆಟ್ಟಿಗೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟೆ.

"ಈಗ ಓದಿ. ಗಟ್ಟಿಯಾಗಿ."

ಹೊರಗೆ ಕೂತ ರೋಗಿಗಳು ಬಾಗಿಲಲ್ಲಿ ಇಣುಕಿದರು. ಅವರು ಓದಿದರು. ಕೊನೆಯ ಸಾಲಿಗೆ ಬಂದಾಗ ಸ್ವರ ಇಳಿಯಿತು. "ಕನ್ನಡದಲ್ಲಿ" ಎಂದೆ. "ಏರಿಸುವ ಮುಂಚೆ ನನಗೆ ಫೋನ್ ಮಾಡಿ" ಎಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಇದನ್ನು ಓದಿರಲಿಲ್ಲ."

"ಗೊತ್ತು" ಎಂದೆ. ಚೀಟಿ ತೆಗೆದುಕೊಂಡು ಬಂದೆ.

ಸಿಟ್ಟು ಇಳಿಯಿತೇ ಎಂದು ವನಿತಾ ಬಸ್ಸಿನಲ್ಲಿ ಕೇಳಿದಳು. ಇಲ್ಲ. ಇಳಿಯುವುದೂ ಇಲ್ಲ. ಆದರೆ ಮೊದಲು ಅದು ನನ್ನ ಮೇಲೆಯೇ ಇತ್ತು, ಈಗ ಹೋಗಬೇಕಾದ ಕಡೆಗೆ ಹೋಗಿದೆ. ಅಷ್ಟು ವ್ಯತ್ಯಾಸ.

ಮೊನ್ನೆ ಗಣಪತಿ ಹಾಕಿದ ಐಸಿನಲ್ಲಿ ಮೊಣಕೈವರೆಗೆ ಕೈ ಇಳಿಸಿದೆ. ಬೆರಳು ಸೆಟೆದು ನೋವಾಗುವವರೆಗೆ ಹಾಗೇ ಇಟ್ಟೆ. ಆಮೇಲೆ ಬಂಗಡೆ ಜೋಡಿಸಿದೆ. ಮಧ್ಯಾಹ್ನ ದಾಟಿದ ಮೇಲೂ ಮೀನು ಇಟ್ಟುಕೊಂಡು ಕೂತಿದ್ದೆ. ಮಾಸ್ತರರ ಮನೆಯವರು ಬಂದು ಡಬ್ಬಿಯೊಳಗೆ ಬಗ್ಗಿ ನೋಡಿ ಹಿಂದೆ ಸರಿದರು.

"ಅಯ್ಯೋ ಅಜ್ಜಿ, ನಿಮ್ಮದೂ ಐಸಿಂದಾ?"

"ಹೌದು, ಐಸಿಂದೇ" ಎಂದೆ. "ಐಸು ನಿಮಗೆ ಎಂತ ಮಾಡ್ತು?"