ನಾಯಿಗಳ ಟೀಚರ್ ದೋಬ್ರಿನಾ ಅವರ ಹೊಟ್ಟೆಕಿಚ್ಚು

ಬೆಳಗಿನ ಆರೂವರೆ. ಡ್ಯಾನ್ಯೂಬ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ವಿದಿನ್ ಪಟ್ಟಣದ ನದಿದಂಡೆಯ ಕಲ್ಲುಹಾಸಿನ ಮೇಲೆ ದೋಬ್ರಿನಾ ವೆಲ್ಕೋವಾ ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡು ನಿಂತಿದ್ದಾರೆ. ಒಂದು ಜೇಬಿನಲ್ಲಿ ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿದ ಚೀಸ್. ಎದುರಿಗೆ ಚುಷ್ಕಾ ಎಂಬ ಕೆಂಚು ಬಣ್ಣದ ಹೆಣ್ಣುನಾಯಿ, ಇವರನ್ನು ಕಂಡದ್ದೇ ತಡ, ಬಾಲದ ಜೊತೆ ಸೊಂಟವನ್ನೂ ಕುಣಿಸುತ್ತಿದೆ. ಹಗ್ಗ ಹಿಡಿದ ಒಡತಿ ನೆವೆನಾ ಮುಖ ಗಂಟಿಕ್ಕಿದ್ದಾಳೆ.

"ನೋಡಿ ದೋಬ್ರಿನಕ್ಕಾ, ಊಟ ಹಾಕೋಳು ನಾನು, ಮಂಚದಲ್ಲಿ ಅರ್ಧ ಬಿಟ್ಟುಕೊಟ್ಟೋಳು ನಾನು. ಕುಣಿಯೋದು ಮಾತ್ರ ನಿಮ್ಮ ಮುಂದೆ! ನಂಗೆ ಮೈಯೆಲ್ಲಾ ಉರಿಯುತ್ತೆ."

"ಉರೀಲಿ ಬಿಡೇ ಮಾರಾಯ್ತಿ. ನಿನಗೊಬ್ಬಳಿಗೇನಾ?" ಎಂದು ದೋಬ್ರಿನಾ ನಗುತ್ತಾರೆ.

ಇಂದು ಚುಷ್ಕಾಗೆ ಕೊನೆಯ ಪಾಠ. ಅದರ ಕ್ರಮವನ್ನು ದೋಬ್ರಿನಾ ಹದಿಮೂರು ವರ್ಷಗಳಿಂದ ಬದಲಿಸಿಲ್ಲ. ಒಂದು ತುದಿಯಲ್ಲಿ ತಿಂಡಿ ಇಟ್ಟುಕೊಂಡ ಟೀಚರ್, ಇನ್ನೊಂದು ತುದಿಯಲ್ಲಿ ಬರಿಗೈಯ ಒಡತಿ. ಇಬ್ಬರೂ ಕರೆಯುವಂತಿಲ್ಲ. ನಡುವೆ ನಾಯಿಯನ್ನು ಬಿಡಬೇಕು. ಅದು ಟೀಚರ್ ಕಡೆಗೆ ಓಡಿದರೆ ಪಾಠ ಮುಗಿದಿಲ್ಲ ಎಂದೇ ಅರ್ಥ. ಹಿಂದೆ ಎರಡು ಸಲ ಈ ಪಾಠ ಮಾಡಿದಾಗಲೂ ಚುಷ್ಕಾ ದೋಬ್ರಿನಾ ಕಡೆಗೇ ಓಡಿಬಂದಿದೆ.

"ಇವತ್ತೂ ನಿಮ್ಮ ಹತ್ರಾನೇ ಬಂದ್ರೆ ನೀವೇ ಇಟ್ಕೊಂಬಿಡಿ. ನನ್ನ ಕಂಡ್ರೆ ಹೆದರೋ ನಾಯೀನ ಕಟ್ಟಿಹಾಕ್ಕೊಂಡು ಏನ್ಮಾಡ್ಲಿ?" ನೆವೆನಾ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಾಳೆ.

ದೋಬ್ರಿನಾ ಜೇಬಿನೊಳಗಿನ ಚೀಸ್ ಚೂರುಗಳನ್ನು ಬೆರಳಲ್ಲಿ ಹೊರಳಿಸುತ್ತಾರೆ. ಅವರಿಗೆ ಆ ನಾಯಿ ಬೇಕು. ಸ್ವಂತ ನಾಯಿ ಸತ್ತು ಎರಡು ವರ್ಷವಾಯಿತು. ಚುಷ್ಕಾ ಹೊರಟುಹೋದ ಮೇಲೆ ಕೋಟಿನ ಮೇಲಿನ ಕೆಂಚು ಕೂದಲನ್ನು ಇವರು ಕೊಡವುವುದಿಲ್ಲ. ಸಂಜೆ ಅದು ನೆವೆನಾಳ ಮನೆಯಲ್ಲಿ ಮಲಗಿರುತ್ತದೆ ಎಂದು ನೆನೆದರೇ ಇವರಿಗೆ ಹೊಟ್ಟೆಯಲ್ಲಿ ಕಿಚ್ಚು.

ದೋಬ್ರಿನಾಗೆ ಈಗ ಐವತ್ತೆಂಟು. ಹರೆಯದಲ್ಲಿ ಟೈರ್ ಕಾರ್ಖಾನೆಯ ಕಾವಲು ನಾಯಿಗಳನ್ನು ಪಳಗಿಸುತ್ತಿದ್ದರು, ಕುತ್ತಿಗೆ ಬಿಗಿಯುವ ಸರಪಳಿಯಿಂದ. "ಹಂಗೇ ಕಲಿಸ್ಕೊಟ್ಟಿದ್ರು, ಹಂಗೇ ಮಾಡ್ದೆ. ಒಂದು ನಾಯಿ ನಾನು ಬಂದ್ರೆ ಉಚ್ಚೆ ಹೊಯ್ಕೊಳ್ತಿತ್ತು. ಅದನ್ನ ವಿಧೇಯತೆ ಅಂದ್ಕೊಂಡಿದ್ದೆ, ಥೂ!" ಕಾರ್ಖಾನೆ ಮುಚ್ಚಿದ ಮೇಲೆ ಶಾಲೆಯ ನೆಲ ಒರೆಸಿದರು. ನಲವತ್ತೈದನೆಯ ವಯಸ್ಸಿಗೆ ಸೋಫಿಯಾಗೆ ಹೋಗಿ, ಮಕ್ಕಳ ವಯಸ್ಸಿನವರ ಪಕ್ಕ ಕೂತು ಓದಿ, ನಾಯಿ ತರಬೇತಿಯ ಪರೀಕ್ಷೆ ಪಾಸು ಮಾಡಿದರು. ಆ ಪ್ರಮಾಣಪತ್ರ ಅಡುಗೆಮನೆಯ ಡ್ರಾಯರ್‌ನಲ್ಲಿ ಚಮಚಗಳ ಕೆಳಗಿದೆ. ಕೇಳಿದವರಿಗೆ ತೋರಿಸುತ್ತಾರೆ. ಕೇಳುವವರೇ ಅಪರೂಪ.

ದಿನಕ್ಕೆ ಮೂರೇ ನಾಯಿ, ವರ್ಷಕ್ಕೆ ಹೆಚ್ಚೆಂದರೆ ಅರವತ್ತು. ಊರಾಚೆ ನಾಯಿ ತರಬೇತಿ ಕೇಂದ್ರ ನಡೆಸುವ ಕಾಮೆನ್‌ಗೆ ಅಷ್ಟು ನಾಯಿ ಒಂದೇ ತಿಂಗಳಲ್ಲಿ ಬರುತ್ತವಂತೆ. ಅವನ ಬೋರ್ಡು ಸೇತುವೆಯಿಂದಲೇ ಕಾಣುತ್ತದೆ: ಹತ್ತೇ ದಿನ, ಗ್ಯಾರಂಟಿ. "ಆ ಬೋರ್ಡು ಕಂಡ್ರೆ ಬಸ್ಸಲ್ಲಿ ಮುಖ ಆಚೆ ತಿರುಗಿಸ್ಕೊಳ್ತೀನಿ. ನಂಗೂ ಅಂಥದ್ದೊಂದು ಇರ್ಬಾರ್ದಿತ್ತಾ ಅನ್ಸುತ್ತೆ, ಸುಳ್ಳ್ಯಾಕೆ ಹೇಳ್ಲಿ?"

ಬನಿತ್ಸಾ ಎಂಬ ಚೀಸ್ ತುಂಬಿದ ತಿನಿಸಿನ ಅಂಗಡಿಯಲ್ಲಿ ಹಿಟ್ಟು ಲಟ್ಟಿಸುವ ನೆವೆನಾಳೂ ವಸಂತದಲ್ಲಿ ಆ ಬೋರ್ಡನ್ನೇ ನಂಬಿದ್ದಳು. ಗೇಟಿನೊಳಗೆ ಬಿಡುವುದಿಲ್ಲ, ಮಾಲೀಕರಿದ್ದರೆ ನಾಯಿ ಕಲಿಯುವುದಿಲ್ಲ ಎಂದಿದ್ದ ಕಾಮೆನ್. ಹತ್ತು ದಿನದ ನಂತರ ಚುಷ್ಕಾ ಕೂರು ಎಂದರೆ ಕೂರುತ್ತಿತ್ತು. ನೆವೆನಾ ತಲೆ ಸವರಲು ಕೈ ಎತ್ತಿದರೆ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಕುತ್ತಿಗೆಯ ಕೂದಲಡಿಯಲ್ಲಿ ಕರೆಂಟು ಹೊಡೆಯುವ ಕೊರಳಪಟ್ಟಿಯ ಎರಡು ಗಾಯ.

ಆದ್ದರಿಂದಲೇ ದೋಬ್ರಿನಾ ಹೊಸಬರನ್ನು ಮೊದಲ ದಿನ ನಾಯಿಯಿಲ್ಲದೆ ಬರಹೇಳುತ್ತಾರೆ. ಇಂದು ಬಂದು ನಿಂತಿರುವವರು ಬಸ್ ಡ್ರೈವರ್ ಪ್ಲಾಮೆನ್.

"ಸುಮ್ನೆ ನೋಡ್ಬೇಡಿ, ಪ್ರಶ್ನೆ ಕೇಳಿ. ನಾಯಿ ತಪ್ಪು ಮಾಡಿದ್ರೆ ಏನ್ಮಾಡ್ತೀಯಾ ಅಂತ ಕೇಳಿ. ನೋಡಕ್ಕೆ ಬಿಡದೋರ ಹತ್ರ ನಾಯಿ ಬಿಡ್ಬೇಡಿ, ನಾನೇ ಆದ್ರೂ!"

"ಏನ್ಮಾಡ್ತೀರಿ?"

"ನಾನೆಲ್ಲಿ ತಪ್ಪಿದೆ ಅಂತ ನೋಡ್ಕೊಳ್ತೀನಿ. ಈಗ ಈ ಹಗ್ಗ ಹಿಡ್ಕೊಳ್ಳಿ. ಹ್ಞೂಂ ಅಂದಾಗ ಬಿಡಿ."

ನೆವೆನಾ ಇಪ್ಪತ್ತು ಹೆಜ್ಜೆ ಆಚೆ ಹೋಗುತ್ತಾಳೆ. ದೋಬ್ರಿನಾ ಇಪ್ಪತ್ತು ಹೆಜ್ಜೆ ಈಚೆ. ಪ್ಲಾಮೆನ್ ಹಗ್ಗ ಬಿಡುತ್ತಾರೆ.

ಚುಷ್ಕಾ ನೇರ ದೋಬ್ರಿನಾ ಕಡೆಗೇ ನಾಲ್ಕು ಹೆಜ್ಜೆ ನೆಗೆಯುತ್ತದೆ. ನಿಲ್ಲುತ್ತದೆ. ಕಿವಿ ನಿಮಿರಿಸಿ ಇವರ ಮುಖವನ್ನೇ ನೋಡುತ್ತದೆ. ಒಂದು ಹುಬ್ಬು ಹಾರಿಸಿದರೆ ಸಾಕು, ಯಾರಿಗೂ ತಿಳಿಯುವುದಿಲ್ಲ, ನಾಯಿ ಇವರದಾಗುತ್ತದೆ. ದೋಬ್ರಿನಾ ಹಲ್ಲು ಕಚ್ಚಿ ಕಣ್ಣನ್ನು ಡ್ಯಾನ್ಯೂಬ್ ಕಡೆ ಹೊರಳಿಸುತ್ತಾರೆ. ಮಂಜಿನಲ್ಲಿ ಸರಕುದೋಣಿಯೊಂದು ಹೋಗುತ್ತಿದೆ. ಅದನ್ನೇ ನೋಡುತ್ತಾರೆ.

ಅಷ್ಟು ದೂರದಲ್ಲಿ ನೆವೆನಾ, ಆರು ವಾರ ಕಲಿತಂತೆ, ಕೈ ಎತ್ತದೆ ತಣ್ಣನೆಯ ಕಲ್ಲಿನ ಮೇಲೆ ಪಕ್ಕಕ್ಕೆ ತಿರುಗಿ ಕೂರುತ್ತಾಳೆ. ಉಗುರುಗಳ ಟಕಟಕ ಸದ್ದು ದೂರ, ಇನ್ನೂ ದೂರ ಸರಿಯುತ್ತದೆ. ಆಮೇಲೆ ನೆವೆನಾಳ ಅಳು, ಅದರ ನಡುವೆಯೇ ನಗು: "ಅಯ್ಯೋ ನನ್ನವ್ವಾ, ಬಂದ್ಯಾ! ಮೂತಿ ನೆಕ್ಬೇಡ್ವೇ!"

ದೋಬ್ರಿನಾ ಆ ಕಡೆ ನೋಡುವುದು ಸ್ವಲ್ಪ ತಡವಾಗಿ. ಮೂಗು ಕೆಂಪಾಗಿದೆ.

"ಚೆನ್ನಾಗಿ ಆಯ್ತಲ್ಲ, ಸಂತೋಷಾನಾ?" ಎಂದು ಪ್ಲಾಮೆನ್ ಕೇಳುತ್ತಾರೆ.

"ಸಂತೋಷನಾ? ಹೊಟ್ಟೆ ಧಗಧಗ ಉರೀತಾ ಇದೆ ಕಣ್ರೀ," ಎನ್ನುತ್ತಾರೆ ದೋಬ್ರಿನಾ. "ಉರೀದೇ ಇದ್ರೆ ಕೆಲ್ಸ ಕೆಟ್ಟಿದೆ ಅಂತ ಅರ್ಥ. ನಾಳೆ ನಿಮ್ಮ ನಾಯಿ ಕರ್ಕೊಂಬನ್ನಿ."